ಕಥೆಗಿಂತ ಮೊದಲೇ ಅಚ್ಚಾದ ಮುಖಪುಟ

ಮೊದಲು ಕುದುರೆ ಬರೆಯುವುದನ್ನು ಕಲಿಯಿರಿ. ಫ್ಯಾಂಟಸಿ ಚಿತ್ರ ಬರೆಯಬೇಕು ಅಂತ ಆಸೆಪಟ್ಟು ನನ್ನ ಮನೆಗೆ ಬರುವ ಹುಡುಗ ಹುಡುಗಿಯರಿಗೆಲ್ಲ ನಾನು ಹೇಳುವುದು ಇದೊಂದೇ ಮಾತು. ಯಾರೂ ಕೇಳುವುದಿಲ್ಲ. ಬ್ಯಾಗಿನಿಂದ ಟ್ಯಾಬ್ ತೆಗೆದು ರೆಕ್ಕೆ ಬಿಚ್ಚಿದ ಡ್ರ್ಯಾಗನ್ ತೋರಿಸುತ್ತಾರೆ. ಬೆಂಕಿ, ಹೊಗೆ, ಮಿಂಚು ಎಲ್ಲ ಅಚ್ಚುಕಟ್ಟಾಗಿರುತ್ತದೆ. ‘ಇದರ ಎದುರಿಗೆ ಒಬ್ಬ ಸವಾರನನ್ನು ನಿಲ್ಲಿಸಿ, ಕುದುರೆ ಸಮೇತ’ ಅಂದರೆ ಸಾಕು, ಮುಖ ಸಪ್ಪಗಾಗುತ್ತದೆ. ಕುದುರೆಯ ಕಾಲುಗಳನ್ನೆಲ್ಲ ಮಂಜಿನಲ್ಲಿ ಮುಚ್ಚಿ ತರುತ್ತಾರೆ. ಅಯ್ಯಾ, ಡ್ರ್ಯಾಗನ್ ತಪ್ಪಾದರೆ ಕೇಳುವವರಿಲ್ಲ, ಅದನ್ನು ಯಾರೂ ಕಂಡಿಲ್ಲ. ಕುದುರೆ ತಪ್ಪಾದರೆ ಚಾಮರಾಜಪೇಟೆಯಲ್ಲಿ ಮದುವೆ ಮೆರವಣಿಗೆ ನೋಡಿದ ಮಗುವೂ ನಗುತ್ತದೆ.

ಎರಡನೆಯದು, ಪುಸ್ತಕ ಓದಿ ಆಮೇಲೆ ಮುಖಪುಟ ಬರೆಯುತ್ತೇನೆ ಅನ್ನುವ ಭ್ರಮೆ ಬಿಡಿ. ನಿಮಗೆ ಪುಸ್ತಕ ಯಾರೂ ಕೊಡುವುದಿಲ್ಲ. ಗಾಂಧಿನಗರದ ಒಂದೇ ಪ್ರಕಾಶನದಲ್ಲಿ ಇಡೀ ಆಯುಸ್ಸು ಮುಖಪುಟ ಬರೆದು ನಿವೃತ್ತನಾದವನು ನಾನು. ಬಡ್ತಿ ಅಂತ ಸಿಕ್ಕಿದ್ದು ಕಿಟಕಿ ಪಕ್ಕದ ಮೇಜು ಮಾತ್ರ, ಅದರ ವಿಷಯ ಬೇಡ. ಓದಿ ಬರೆದ ಮುಖಪುಟಗಳು ಎಷ್ಟು ಅಂತ ಕೇಳಿದರೆ ಒಂದು ಕೈಯ ಬೆರಳುಗಳು ಸಾಕು ಎಣಿಸಲಿಕ್ಕೆ. ಲೇಖಕರು ಕಥೆಯನ್ನು ಬರೆಯುವ ಮೊದಲೇ ನಾನು ಮುಖಪುಟ ಬರೆದದ್ದೂ ಉಂಟು. ಅದರಿಂದ ಆದ ತಲೆನೋವು ಇವತ್ತಿನವರೆಗೂ ಇಳಿದಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಈ ಹುಚ್ಚು ಹತ್ತಿದ್ದು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ. ಹೈಸ್ಕೂಲಿನಲ್ಲಿದ್ದೆ. ಹಳೆ ಪುಸ್ತಕದ ರಾಶಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಕೈಗೆ ಬಂತು. ಮೊದಲ ಪುಟದಲ್ಲೇ ಒಂದು ನಕ್ಷೆ. ಇಲ್ಲದ ದೇಶದ ನಕ್ಷೆ! ಅದರಲ್ಲಿ ಇಲ್ಲದ ನದಿ, ಇಲ್ಲದ ಬೆಟ್ಟ, ದಾರಿಯಲ್ಲಿ ಛತ್ರ ಎಲ್ಲಿದೆ ಅನ್ನುವುದೂ ಗುರುತು ಮಾಡಿದೆ. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಪುಟಕ್ಕೆ ಹತ್ತು ಪದವೂ ತಿಳಿಯುತ್ತಿರಲಿಲ್ಲ. ಆದರೂ ಬೇಸಿಗೆ ರಜೆಯೆಲ್ಲ ಡಿಕ್ಷನರಿ ಇಟ್ಟುಕೊಂಡು ಆ ದೇಶದಲ್ಲಿ ಓಡಾಡಿದೆ. ಆಮೇಲೆ ಅಂಥವನ್ನೇ ಹುಡುಕಿ ಹುಡುಕಿ ಓದಿದೆ, ಅವುಗಳ ಮುಖಪುಟಗಳನ್ನು ನೋಡಿ ನೋಡಿ ನಕಲು ಮಾಡಿದೆ. ಕಲಾಶಾಲೆಯಲ್ಲಿ ಮೇಷ್ಟ್ರು ಮಡಕೆ, ಬಾಳೆಹಣ್ಣು ಬರಿ ಅಂದರೆ ನಾನು ಮಡಕೆಯ ಹಿಂದೆ ಒಂದು ಕೋಟೆ ಬರೆಯುತ್ತಿದ್ದೆ. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಇಷ್ಟೆಲ್ಲ ಆಸೆ ಹೊತ್ತು ಕೆಲಸಕ್ಕೆ ಸೇರಿದ್ದು ರುದ್ರಪ್ಪನವರ ಪ್ರಕಾಶನಕ್ಕೆ. ಅವರು ಮೊದಲು ಸಿನಿಮಾ ಪೋಸ್ಟರ್ ಅಚ್ಚು ಹಾಕಿಸುತ್ತಿದ್ದವರು. ಪುಸ್ತಕವೂ ಗೋಡೆಗೆ ಅಂಟಿಸುವ ವಸ್ತು ಅಂತಲೇ ಅವರ ನಂಬಿಕೆ. ‘ಹತ್ತು ಹೆಜ್ಜೆ ದೂರದಿಂದ ಕಾಣ್ಬೇಕು ಕಣಯ್ಯಾ’ ಅನ್ನುತ್ತಿದ್ದರು. ಅವರಿಗೆ ಎರಡು ನಿಯಮ. ಪ್ರತಿ ಮುಖಪುಟದಲ್ಲೂ ಒಬ್ಬ ಹೆಂಗಸಿರಬೇಕು, ಪ್ರತಿ ಹೆಂಗಸಿನ ಹಣೆಯಲ್ಲೂ ಕುಂಕುಮವಿರಬೇಕು. ಜ್ಯೋತಿಷ್ಯದ ಪುಸ್ತಕಕ್ಕೂ ಅದೇ, ಪತ್ತೇದಾರಿಗೂ ಅದೇ. ಒಮ್ಮೆ ಮಾಂತ್ರಿಕರ ಕಥೆಯೊಂದಕ್ಕೆ ಕಬ್ಬಿಣದ ಕವಚ ತೊಟ್ಟ ಯೋಧೆಯನ್ನು ಬರೆದೆ. ಕಣ್ಣು ಬಿಟ್ಟರೆ ಮಿಕ್ಕ ಮುಖವೆಲ್ಲ ಶಿರಸ್ತ್ರಾಣದೊಳಗೆ. ರುದ್ರಪ್ಪನವರು ಬಹಳ ಹೊತ್ತು ನೋಡಿ, ಶಿರಸ್ತ್ರಾಣದ ಮೇಲೆಯೇ ಕುಂಕುಮ ಇಡಿಸಿದರು.

ನಾನು ಬರೆದ ಮೊದಲ ಡ್ರ್ಯಾಗನ್ ನೋಡಿ ಅವರು ಕೇಳಿದ್ದು, ‘ಏನಯ್ಯಾ ನಾಗೇಶ, ಗೋಡೆ ಹಲ್ಲಿಗೆ ರೆಕ್ಕೆ ಕಟ್ಟಿದೀಯಾ?’

‘ಡ್ರ್ಯಾಗನ್ ಸಾರ್.’

‘ನಮ್ ಜನಕ್ಕೆ ಗೊತ್ತಾಗಲ್ಲ. ಹೆಡೆ ಹಾಕು. ಐದು ಹಾಕು, ಜಾಸ್ತಿ ಬೇಡ.’

ಹೆಡೆ ಹಾಕಿದೆ. ಅಚ್ಚಿಗೆ ಹೋದಾಗ ಕೆಂಪು ಶಾಯಿಯ ಕಡೆ ನೀಲಿಯ ಪ್ಲೇಟು, ನೀಲಿಯ ಕಡೆ ಕೆಂಪಿನ ಪ್ಲೇಟು ಕೂತು, ನಾಯಕನ ಮುಖ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಆ ಪುಸ್ತಕ ಚೆನ್ನಾಗಿ ಹೋಯಿತು. ಅಲ್ಲಿಂದ ಎರಡು ವರ್ಷ ಎಲ್ಲ ನಾಯಕರಿಗೂ ನೇರಳೆ ಮುಖ ಬರೆಯುವುದು ನನ್ನ ಹಣೆಬರಹವಾಯಿತು. ಸರಿಯಾದದ್ದನ್ನು ಯಾರೂ ಮತ್ತೆ ಕೇಳುವುದಿಲ್ಲ, ತಪ್ಪಾದದ್ದು ಮಾರಾಟವಾದರೆ ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಇದನ್ನು ಬರೆದಿಟ್ಟುಕೊಳ್ಳಿ.

ಇಂಥದ್ದರ ನಡುವೆ ಒಂದು ದಿನ ಕಮಲಾಕ್ಷಿ ಮೇಡಂ ಬಂದರು. ಮಲ್ಲೇಶ್ವರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕಾಟನ್ ಸೀರೆ, ಬಿಗಿಯಾದ ಜಡೆ, ಬಟ್ಟೆ ಚೀಲದಲ್ಲಿ ಒಂದು ಕಾದಂಬರಿಯ ಹಸ್ತಪ್ರತಿ. ‘ಉಪ್ಪಿನ ಸಿಂಹಾಸನ’, ಮೊದಲ ಸಂಪುಟ. ರುದ್ರಪ್ಪನವರು ಅದನ್ನು ತೂಗಿ ನೋಡುವ ಹಾಗೆ ಕೈಯಲ್ಲಿ ಹಿಡಿದು ನನ್ನ ಮೇಜಿಗೆ ಹಾಕಿ, ‘ನಿನ್ ಜಾತಿ ಪುಸ್ತಕ, ನೀನೇ ನೋಡು’ ಅಂದರು.

ಭಾನುವಾರ ಬೆಳಗ್ಗೆ ಕೂತವನು ಊಟಕ್ಕೂ ಏಳಲಿಲ್ಲ. ಕಡಲತೀರದ ಒಂದು ರಾಜ್ಯ. ಅಲ್ಲಿ ಉಪ್ಪು ಬೇಯಿಸುವವರ ಮಗಳು ಹವಳಿ. ಆ ರಾಜ್ಯದ ಸಿಂಹಾಸನವನ್ನು ಒಂದೇ ಉಪ್ಪಿನ ಬಂಡೆಯಿಂದ ಕಡೆದಿದ್ದಾರೆ. ಅದರ ಮೇಲೆ ಕೂತವರಿಗೆ ನಾಡಿನ ಯಾರ ಅಳುವೂ ಕೇಳಿಸದೆ ಹೋಗುತ್ತದೆ. ಇಷ್ಟು ಓದುವಷ್ಟರಲ್ಲಿ ನನ್ನ ಕೈ ಬ್ರಷ್ಷಿಗೆ ಹೋಗಿತ್ತು. ಫುಟ್‌ಪಾತಿನ ಆ ನಕ್ಷೆಯಲ್ಲಿ ಕಂಡ ದೇಶ ಕನ್ನಡದಲ್ಲಿ ನನ್ನ ಮುಂದೆ ಇತ್ತು. ಇನ್ನು ಮುಂದೆ ನೇರಳೆ ಮುಖ ಬರೆಯಬೇಕಾದರೂ ಸರಿ, ಈ ಪುಸ್ತಕಕ್ಕೆ ಮಾತ್ರ ಅದಕ್ಕೆ ತಕ್ಕ ಚಿತ್ರ ಬರೆಯಬೇಕು ಅಂದುಕೊಂಡೆ.

ಸೋಮವಾರ ರುದ್ರಪ್ಪನವರು, ‘ನಾಲ್ಕು ಮುಖಪುಟ ಬರಿ’ ಅಂದರು.

ಪುಸ್ತಕ ಇರೋದು ಒಂದೇ ಅಂದೆ. ‘ಕಾಗದದ ಹಾಳೆಯಲ್ಲಿ ನಾಲ್ಕು ಹಿಡಿಯುತ್ತೆ. ಒಂದು ಹಾಕಿದ್ರೂ ಅದೇ ಖರ್ಚು, ನಾಲ್ಕು ಹಾಕಿದ್ರೂ ಅದೇ ಖರ್ಚು. ಆಯಮ್ಮ ನಾಲ್ಕು ಸಂಪುಟ ಬರೀತಾರಂತೆ. ನಾಲ್ಕೂ ಈಗ್ಲೇ ಹೊಡೆದು ಇಟ್ಕೊಂಡ್ರೆ ಮುಂದೆ ಒಳಗಿನ ಪುಟ ಸೇರಿಸಿ ಹೊಲಿಯೋದಷ್ಟೇ.’ ಆಗ ಬಣ್ಣದ ಅಚ್ಚು ಅಂದರೆ ಹಾಗೆಯೇ ಇತ್ತು. ಪೋಸ್ಟರಿನ ಹಾಳೆಯಷ್ಟು ದೊಡ್ಡ ಕಾಗದದಲ್ಲಿ ನಾಲ್ಕು ಮುಖಪುಟ ಒಟ್ಟಿಗೆ ಅಚ್ಚಾಗಿ, ಆಮೇಲೆ ಕತ್ತರಿಸಿ, ಕಟ್ಟಿ, ಅಟ್ಟದ ಮೇಲೆ ಇಡುತ್ತಿದ್ದರು.

ನಾನು ಮಲ್ಲೇಶ್ವರಕ್ಕೆ ಹೋಗಿ, ಮುಂದಿನ ಮೂರು ಸಂಪುಟದಲ್ಲಿ ಏನೇನಾಗುತ್ತದೆ ಅಂತ ಮೇಡಮ್ಮನ್ನೇ ಕೇಳಿದೆ.

‘ನಂಗೇನ್ ಗೊತ್ತು ನಾಗೇಶ್? ಇನ್ನೂ ಬರೆದೇ ಇಲ್ವಲ್ಲ!’

‘ಸುಮಾರಾಗಿ ಹೇಳಿ ಮೇಡಂ.’

‘ಸುಮಾರಾಗಿ ಉತ್ತರ ಬರೆದ್ರೆ ನಾನು ಮಾರ್ಕ್ಸ್ ಕೊಡಲ್ಲ. ನಾನ್ಹೇಗೆ ಹೇಳ್ಲಿ?’

ಹೀಗೆ ಇನ್ನೂ ಬರೆಯದ ಕಥೆಗೆ ನಾನು ಚಿತ್ರ ಬರೆದೆ. ಎರಡನೆಯದಕ್ಕೆ ಬಿರುಗಾಳಿಯಲ್ಲಿ ಒಂದು ಹಡಗು. ಮೂರನೆಯದಕ್ಕೆ ಕೋಟೆಯ ಮುತ್ತಿಗೆ, ಮುಂದೆ ಆನೆಗಳ ಸಾಲು. ನಾಲ್ಕನೆಯದಕ್ಕೆ ನನ್ನ ಮನಸ್ಸಿನಲ್ಲಿದ್ದದ್ದು ಖಾಲಿ ಸಿಂಹಾಸನ, ಅದಕ್ಕೆ ಬೆನ್ನು ಹಾಕಿ ನಿಂತ ಹುಡುಗಿ. ಸ್ಕೆಚ್ ನೋಡಿ ರುದ್ರಪ್ಪನವರು ಸಿಡಿದರು. ‘ಖಾಲಿ ಕುರ್ಚಿ ಯಾರು ಕೊಳ್ತಾರಯ್ಯಾ? ಅದೂ ಹುಡುಗಿ ಮುಖಾನೇ ಕಾಣಲ್ಲ! ಹತ್ಸು ಅವಳ್ನ ಕುರ್ಚಿ ಮೇಲೆ. ಕಿರೀಟ ಹಾಕು.’ ವಾದ ಮಾಡಿದೆ. ಅವರು ಊಟಕ್ಕೆ ಹೋದರು, ಬಂದರು, ನಾನು ಇನ್ನೂ ವಾದ ಮಾಡುತ್ತಿದ್ದೆ. ಕೊನೆಗೆ ಹವಳಿಯನ್ನು ಕೂರಿಸಿದೆ. ಕಿರೀಟ ಹಾಕಿದೆ, ಕುಂಕುಮ ಇಟ್ಟೆ. ನಾಲ್ಕೂ ಅಚ್ಚಾಗಿ ಅಟ್ಟ ಸೇರಿದವು.

ಮೂರನೆಯ ಸಂಪುಟ ಬರೆಯುವಾಗ ಮೇಡಂ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ‘ಆನೆ ಯಾಕೆ ಬರೆದ್ರಿ? ನನ್ನದು ಉಪ್ಪುನೀರಿನ ರಾಜ್ಯ. ಆನೆ ಎಲ್ಲಿಂದ ತರ್ಲಿ?’ ಪಾಪ, ಅವರು ಆನೆಗಳನ್ನು ಹಡಗಿನಲ್ಲಿ ತರಿಸಲು ಒಂದು ಅಧ್ಯಾಯ ಬರೆದರು. ಕಡಲು ಕಂಡು ಹೆದರಿದ ಆನೆಯ ಕಿವಿಯಲ್ಲಿ ಮಾವುತನ ಹೆಂಡತಿ ಮಾತಾಡುವ ಆ ಭಾಗವನ್ನು ಓದಿ ಅತ್ತವರು ಎಷ್ಟೋ ಜನ. ಇದರಿಂದ ರುದ್ರಪ್ಪನವರಿಗೆ, ಮುಖಪುಟ ಮೊದಲು, ಕಥೆ ಆಮೇಲೆ ಅನ್ನುವುದೇ ಸರಿಯಾದ ಪದ್ಧತಿ ಅಂತ ಖಾತ್ರಿಯಾಯಿತು.

ಆಮೇಲೆ ನಾಲ್ಕನೆಯ ಸಂಪುಟ ಬಂತು. ಕೊನೆಯ ಅಧ್ಯಾಯದಲ್ಲಿ ಹವಳಿ ಸಿಂಹಾಸನ ಗೆಲ್ಲುತ್ತಾಳೆ. ಗೆದ್ದವಳು ಅದರ ಮೇಲೆ ಕೂರುವುದಿಲ್ಲ. ಕಡಲ ಕಡೆಯ ಬಾಗಿಲನ್ನು ತೆರೆಸುತ್ತಾಳೆ. ಉಬ್ಬರದ ನೀರು ಸಭಾಂಗಣಕ್ಕೆ ನುಗ್ಗುತ್ತದೆ, ಉಪ್ಪಿನ ಸಿಂಹಾಸನ ಎಲ್ಲರ ಕಣ್ಣೆದುರು ಕರಗಿಹೋಗುತ್ತದೆ. ಓದಿ ನನಗೆ ಮೈ ಜುಂ ಅಂದಿತು. ಅದರ ಹಿಂದೆಯೇ ಅಟ್ಟದ ಮೇಲಿನ ಕಟ್ಟುಗಳು ನೆನಪಾದವು.

ರುದ್ರಪ್ಪನವರ ಕೋಣೆಯಲ್ಲಿ ಅವತ್ತು ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

‘ಕೂರಿಸ್ಬಿಡಿ ಮೇಡಂ, ಒಂದ್ ಪುಟದ ಕೆಲಸ.’

‘ಅವಳು ಕೂರಲ್ಲ.’

‘ಕೂತಾಗಿದೆಯಲ್ಲಮ್ಮ! ಪ್ರಿಂಟೇ ಆಗಿದೆ!’

‘ಅವಳು ಕೂತ್ರೆ ಅಲ್ಲಿವರೆಗೆ ಬರೆದಿದ್ದೆಲ್ಲ ಸುಳ್ಳಾಗುತ್ತೆ ರುದ್ರಪ್ಪನೋರೇ. ಮೂರು ಸಂಪುಟ ಓದಿದ ಹೆಣ್ಣುಮಕ್ಕಳಿಗೆ ನಾನೇನ್ ಹೇಳ್ಲಿ?’

ಮುಖಪುಟವನ್ನು ಪುಕ್ಕಟೆಯಾಗಿ ಮತ್ತೆ ಬರೆದುಕೊಡುತ್ತೇನೆ ಅಂದೆ. ಕಾಗದ, ಅಚ್ಚಿನ ದುಡ್ಡು ಯಾರಪ್ಪ ಕೊಡುತ್ತಾನೆ ಅಂತ ರುದ್ರಪ್ಪನವರು ನನ್ನ ಮೇಲೆ ತಿರುಗಿದರು. ಕಥೆ ಬದಲಾಗದಿದ್ದರೆ ಪುಸ್ತಕವೇ ಇಲ್ಲ ಅಂದರು. ಮೇಡಂ ಮೇಜಿನ ಮೇಲಿದ್ದ ಮುಖಪುಟ ಒಂದನ್ನು ಎತ್ತಿಕೊಂಡು, ಯಾರಿಗೂ ನಮಸ್ಕಾರವನ್ನೂ ಹೇಳದೆ ಹೊರಟುಹೋದರು.

ಅವರು ಮತ್ತೆ ಬಂದಾಗ ಬೇಸಿಗೆ ರಜೆ ಶುರುವಾಗಿತ್ತು. ಕೊನೆಯ ಅಧ್ಯಾಯ ಹಾಗೆಯೇ ಇತ್ತು. ಆದರೆ ಅದಕ್ಕೆ ಮೊದಲು ಒಂದು ಹೊಸ ಅಧ್ಯಾಯ ಸೇರಿತ್ತು. ಅದರಲ್ಲಿ ಕುತಂತ್ರಿ ಮಂತ್ರಿಯೊಬ್ಬ, ದೊಂದಿ ಅನ್ನುವ ಅರಮನೆಯ ಚಿತ್ರಗಾರನನ್ನು ಕರೆಸಿ, ಹವಳಿ ಕಿರೀಟ ತೊಟ್ಟು ಸಿಂಹಾಸನದ ಮೇಲೆ ಕೂತ ಹಾಗೆ ಚಿತ್ರ ಬರೆಸುತ್ತಾನೆ. ಅದರ ಪ್ರತಿಗಳನ್ನು ಊರೂರಿಗೆ ಕಳಿಸುತ್ತಾನೆ. ಇವಳೂ ಹಿಂದಿನವರ ಹಾಗೆಯೇ ಅಂತ ಜನ ನಂಬುತ್ತಾರೆ, ಅವಳ ಸ್ವಂತ ತಾಯಿಯೂ ನಂಬುತ್ತಾಳೆ. ಆಮೇಲೆ ಕಡಲ ಬಾಗಿಲು ತೆರೆಯುತ್ತದೆ. ಅಂದರೆ ಓದುಗ ಕೈಯಲ್ಲಿ ಹಿಡಿದಿರುವ ಮುಖಪುಟವೇ ಆ ಸುಳ್ಳು ಚಿತ್ರ! ರುದ್ರಪ್ಪನವರಿಗೆ ಅವರ ಕಾಗದ ಉಳಿಯಿತು, ಮೇಡಮ್ಮಿಗೆ ಅವರ ಕೊನೆ ಉಳಿಯಿತು.

ಉಳಿಯದೆ ಹೋದವನು ನಾನು. ದೊಂದಿ ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಆನಿಸಿಕೊಂಡು, ಒಂಟಿಕಾಲಲ್ಲಿ ನಿಂತು ಚಿತ್ರ ಬರೆಯುತ್ತಾನೆ. ಕಿವಿಯ ಮೇಲೆ ಕುಂಚ ಸಿಕ್ಕಿಸಿಕೊಂಡಿರುತ್ತಾನೆ. ಬರೆಯುವಷ್ಟು ಹೊತ್ತೂ ಯಾರನ್ನೋ ಬೈದುಕೊಂಡು ಗೊಣಗುತ್ತಿರುತ್ತಾನೆ. ಇಡೀ ಗಾಂಧಿನಗರದಲ್ಲಿ ಹಾಗೆ ನಿಲ್ಲುತ್ತಿದ್ದವನು ನಾನೊಬ್ಬನೇ. ಮಲ್ಲೇಶ್ವರಕ್ಕೆ ಹೋಗಿ ಜಗಳ ತೆಗೆದೆ.

‘ಅವಳನ್ನ ಕೂರಿಸಿದ್ದು ನಾನಲ್ಲ ಮೇಡಂ! ರುದ್ರಪ್ಪನೋರು!’

‘ಅದಕ್ಕೇ ಮಂತ್ರೀನೂ ಇದಾನಲ್ಲ ನಾಗೇಶ್’ ಅಂದು ಕಾಫಿ ತಂದುಕೊಟ್ಟರು.

ಪುಸ್ತಕ ಬಂದ ಮೇಲೆ ಆಫೀಸಿನಲ್ಲಿ, ಬೈಂಡಿಂಗಿನವರಲ್ಲಿ, ಕಡೆಗೆ ನನ್ನ ಮದುವೆಯ ಆರತಕ್ಷತೆಯಲ್ಲೂ ನಾನು ದೊಂದಿಯಾದೆ. ಹೆಂಡತಿ ಗಿರಿಜಾ, ‘ಏನ್ರೀ ಅದು ದೊಂದಿ?’ ಅಂತ ಮೊದಲ ದಿನವೇ ಕೇಳಿದಳು. ಉತ್ತರ ಉದ್ದವಾಯಿತು, ಅವಳು ಅರ್ಧಕ್ಕೆ ಎದ್ದುಹೋದಳು. ಇತ್ತೀಚೆಗೆ ಬಸವನಗುಡಿಯಲ್ಲಿ ಇಂಥ ಪುಸ್ತಕ ಓದುವವರೆಲ್ಲ ವೇಷ ಹಾಕಿಕೊಂಡು ಸೇರುವ ಒಂದು ಕೂಟಕ್ಕೆ ಕರೆದಿದ್ದರು. ಥರ್ಮಾಕೋಲಿನ ರೆಕ್ಕೆ ಕಟ್ಟಿಕೊಂಡ ಒಬ್ಬ ಬಂದು, ‘ಸಾರ್, ನೀವೇನಾ ದೊಂದಿ? ಚಿಕ್ಕೋನಿದ್ದಾಗ ನಿಮ್ಮನ್ನ ಕಂಡ್ರೆ ಆಗ್ತಾನೇ ಇರ್ಲಿಲ್ಲ ಸಾರ್! ಒಂದು ಸೆಲ್ಫಿ?’ ಅಂದ. ಒಂಟಿಕಾಲಲ್ಲಿ ನಿಲ್ಲಿ ಅಂತ ಬೇರೆ ಹೇಳಿದ. ನನ್ನ ಮೊಣಕಾಲು ನೋವು ಅವನಿಗೇನು ಗೊತ್ತು?

ಕೆಲಸದ ರೀತಿ ಬದಲಾದದ್ದನ್ನೂ ಹೇಳಬೇಕು. ಮೊದಲು ಪೋಸ್ಟರ್ ಕಲರು, ಗಟ್ಟಿ ರಟ್ಟು. ಆಮೇಲೆ ಕಂಪ್ಯೂಟರ್ ಬಂತು. ಯಾವುದೋ ದೇಶದ ಬೆಟ್ಟದ ಫೋಟೋ, ಯಾವುದೋ ಹುಡುಗಿಯ ಫೋಟೋ, ಎರಡನ್ನೂ ಅಂಟಿಸಿ ಮುಖಪುಟ ಅಂದರು. ಹುಡುಗಿಯ ಮೇಲೆ ಎಡಗಡೆಯಿಂದ ಬೆಳಕು, ಬೆಟ್ಟಕ್ಕೆ ಬಲಗಡೆಯಿಂದ. ಎರಡು ಸೂರ್ಯ ಇರುವ ಲೋಕ ಅಂತ ಸಮಾಧಾನ ಮಾಡಿಕೊಂಡೆ. ಈಗ ಬಾಯಲ್ಲಿ ಹೇಳಿದರೆ ಯಂತ್ರವೇ ಬರೆದುಕೊಡುತ್ತದಂತೆ. ಅದು ಬರೆದ ರಾಜಕುಮಾರಿಯನ್ನು ಒಬ್ಬ ಹುಡುಗ ತಂದು ತೋರಿಸಿದ. ಕತ್ತಿಯನ್ನು ಅಲಗಿನ ಕಡೆ ಹಿಡಿದಿದ್ದಳು. ‘ಕೈ ಕುಯ್ದುಹೋಗುತ್ತಲ್ಲೋ’ ಅಂದರೆ, ‘ಯಾರ್ ನೋಡ್ತಾರೆ ಅಂಕಲ್’ ಅಂದ. ನಾನು ನೋಡುತ್ತೇನೆ. ಅದಕ್ಕೇ ನನಗೆ ರಕ್ತದೊತ್ತಡ.

ರುದ್ರಪ್ಪನವರು ತೀರಿಕೊಂಡರು, ಪ್ರಕಾಶನ ಮುಚ್ಚಿತು. ಈ ವೃತ್ತಿಯಿಂದ ನನಗೆ ಬೇರೇನೂ ಬೇಕಿರಲಿಲ್ಲ. ಆ ನಾಲ್ಕನೆಯ ಮುಖಪುಟವೊಂದು ಬದಲಾಗಬೇಕಿತ್ತು. ನಾನು ಅಷ್ಟು ಪ್ರೀತಿಸಿದ ಒಂದೇ ಕನ್ನಡ ಪುಸ್ತಕದ ಮೇಲೆ ನನ್ನ ಕೈಯಿಂದಲೇ ಆ ಕಿರೀಟ ಕೂತಿತ್ತಲ್ಲ, ಅದು ನನ್ನನ್ನು ಕೊರೆಯುತ್ತಲೇ ಇತ್ತು.

ಕಳೆದ ಮಳೆಗಾಲದಲ್ಲಿ ಸಹನಾ ಅನ್ನುವ ಹುಡುಗಿ ಚಾಮರಾಜಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೊಸದಾಗಿ ಪ್ರಕಾಶನ ಶುರುಮಾಡಿದ್ದಾಳೆ. ‘ಉಪ್ಪಿನ ಸಿಂಹಾಸನ’ದ ನಾಲ್ಕೂ ಸಂಪುಟವನ್ನು ಮತ್ತೆ ತರುತ್ತಾಳಂತೆ. ‘ನಾಲ್ಕನೇದಕ್ಕೆ ನಿಮ್ಮಿಷ್ಟ ಬಂದ ಹಾಗೆ ಹೊಸ ಕವರ್ ಮಾಡ್ಕೊಡಿ ಸರ್. ಯಾರೂ ಏನೂ ಹೇಳಲ್ಲ’ ಅಂದಳು. ಇಡೀ ವೃತ್ತಿಯಲ್ಲಿ ಈ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಊಟದ ಮೇಜನ್ನು ಆಕ್ರಮಿಸಿಕೊಂಡೆ. ಗಿರಿಜಾ ನೆಲದ ಮೇಲೆ ಊಟ ಬಡಿಸುತ್ತ ಬೈದಳು, ನಾನು ಬೈಸಿಕೊಂಡೆ. ಮೊಣಕಾಲ ಮಟ್ಟದ ನೀರು, ಅದರಲ್ಲಿ ಕರಗುತ್ತಿರುವ ಬಿಳಿಯ ಸಿಂಹಾಸನ, ಬಾಗಿಲ ಕಡೆ ಮುಖ ಮಾಡಿ ನಡೆಯುತ್ತಿರುವ ಹುಡುಗಿ. ಕರಗುವ ಉಪ್ಪಿನ ಅಂಚು ಹೇಗಿರುತ್ತದೆ ಅಂತ ನೋಡಲು ಕಲ್ಲುಪ್ಪಿನ ಹರಳುಗಳನ್ನು ನೀರಿಗೆ ಹಾಕಿ ಹಾಕಿ ಅಡುಗೆಮನೆಯ ಡಬ್ಬಿ ಖಾಲಿ ಮಾಡಿದೆ. ನಾನು ಬರೆದ ಚಿತ್ರಗಳಲ್ಲೆಲ್ಲ ಅದೇ ಒಳ್ಳೆಯದು, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಸಹನಾಳ ಜೊತೆ ಅದನ್ನು ಹೊತ್ತುಕೊಂಡು ಮಲ್ಲೇಶ್ವರಕ್ಕೆ ಹೋದೆ. ಮೇಡಮ್ಮಿಗೆ ಈಗ ತೊಂಬತ್ತರ ಹತ್ತಿರ. ಚಿತ್ರವನ್ನು ಕುರ್ಚಿಯ ಮೇಲೆ ಇಡಿಸಿ, ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ನೋಡಿದರು. ಕಣ್ಣಲ್ಲಿ ನೀರು ಬಂದದ್ದನ್ನು ಸೆರಗಿನಿಂದ ಒರೆಸಿಕೊಂಡರು.

‘ಇದೇ ನಾಗೇಶ್. ನಾನು ಬರೆಯುವಾಗ ಕಂಡಿದ್ದು ಇದೇ. ನೀರಿನ ಬಣ್ಣ ಕೂಡ ಇದೇನೇ.’ ಭೂತಗನ್ನಡಿ ಕೆಳಗಿಟ್ಟು, ‘ಅಚ್ಚು ಹಾಕಿಸ್ಬೇಡಿ’ ಅಂದರು.

ನನಗೆ ಕೇಳಿದ್ದೇ ಸರಿಯಾಗಿಲ್ಲವೇನೋ ಅನ್ನಿಸಿತು. ‘ಯಾಕೆ ಮೇಡಂ?’

‘ಕೊನೇ ಅಧ್ಯಾಯ ತಂದು ಬಾಗಿಲಲ್ಲೇ ತೂಗುಹಾಕ್ತೀರಾ? ಓದೋರು ಆ ಕಿರೀಟದ ಚಿತ್ರ ಕೈಯಲ್ಲಿ ಹಿಡ್ಕೊಂಡೇ ಓದ್ತಾರೆ. ಇವಳು ಕೊನೇಗೆ ಕೂರ್ತಾಳೆ ಅಂತ ನಂಬಿರ್ತಾರೆ. ದೊಂದಿ ಬಂದಾಗ ತಾನೇ ಅವರಿಗೆ, ಅಯ್ಯೋ ನಾವೂ ಮೋಸ ಹೋದ್ವಿ ಅಂತ ಗೊತ್ತಾಗೋದು? ಆ ಚಿತ್ರ ತೆಗೆದ್ರೆ ನನ್ನ ಕಥೆ ನಿಲ್ಲಲ್ಲ.’

ಇಷ್ಟು ವರ್ಷ ಕಾದದ್ದಕ್ಕೆ ಇದೇನಾ ಅಂತ ಕೂಗಾಡಬೇಕು ಅನ್ನಿಸಿತು. ಬಾಯಿ ತೆರೆದೆ. ಆದರೆ ನಾನು ಮುಖಪುಟ ಬರೆಯುವವನಾಗುವ ಮೊದಲು ಇಂಥ ಪುಸ್ತಕ ಓದುವವನು. ಅವರು ಹೇಳಿದ್ದು ಸರಿ ಅಂತ ಆ ಓದುಗನಿಗೆ ಗೊತ್ತಾಗಿಬಿಟ್ಟಿತ್ತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ‘ಹಳೇದನ್ನೇ ಹಾಕಮ್ಮ’ ಅಂತ ಸಹನಾಳಿಗೆ ನಾನೇ ಹೇಳಿದೆ.

‘ಮೊದಲ ಮೂರರ ಒರಿಜಿನಲ್ ಸಿಕ್ಕಿದೆ, ನಾಲ್ಕನೇದರದ್ದು ಮಾತ್ರ ಎಲ್ಲೂ ಸಿಕ್ತಿಲ್ಲ ಸರ್’ ಅಂದಳು ಅವಳು ಮೆಲ್ಲಗೆ. ‘ಪ್ರಿಂಟ್ ಆಗಿರೋ ಕವರ್‌ಗಳೆಲ್ಲ ಬಣ್ಣ ಹೋಗಿವೆ. ಸ್ಕ್ಯಾನ್ ಮಾಡಿದ್ರೆ ಬರಲ್ಲ.’

ಇಬ್ಬರೂ ನನ್ನ ಕಡೆ ನೋಡಿದರು.

‘ಮತ್ತೆ ಬರೀಬೇಕಾ? ಅದನ್ನ? ನಾನು?’

‘ಬೇರೆ ಯಾರು ಬರೀತಾರೆ?’ ಅಂದರು ಮೇಡಂ. ‘ಆದ್ರೆ ಒಂದು ಮಾತು. ಹೋದ್ಸಲ ರುದ್ರಪ್ಪನೋರ ಮೇಲಿನ ಸಿಟ್ಟಲ್ಲಿ ಬರೆದ್ರಿ. ಅವಳ ಮುಖದಲ್ಲೆಲ್ಲ ನಿಮ್ಮ ಸಿಡುಕೇ ಇದೆ. ಹುಷಾರಾಗಿ ನೋಡ್ದೋರಿಗೆ ಅದು ಸುಳ್ಳು ಅಂತ ಮೊದಲೇ ಗೊತ್ತಾಗ್ತಿತ್ತು. ಈ ಸಲ ನಂಬೋ ಹಾಗೆ ಬರೀರಿ.’

ಹೊಸ ಚಿತ್ರವನ್ನು ಅವರೇ ಇಟ್ಟುಕೊಂಡರು. ನಾನು ಆಟೋದಲ್ಲಿ ಚಾಮರಾಜಪೇಟೆ ತಲುಪುವವರೆಗೂ ಬೈದುಕೊಂಡೇ ಬಂದೆ, ಆಟೋದವನು ಎರಡು ಸಲ ತಿರುಗಿ ನೋಡಿದ.

ಹಾಗಾಗಿ ಈಗ ಮತ್ತೆ ಊಟದ ಮೇಜಿನ ಮೇಲೆ ಅದೇ ಸಿಂಹಾಸನ, ಅದೇ ಕಿರೀಟ, ಅದೇ ಕುಂಕುಮ. ಸಿಟ್ಟು ಬಂದ ದಿನ ಬ್ರಷ್ ಮುಟ್ಟುವುದಿಲ್ಲ, ಅದಕ್ಕೇ ಕೆಲಸ ನಿಧಾನ. ನಿನ್ನೆ ಮುಖ ಮುಗಿಯಿತು. ಗೆದ್ದು ದಣಿದ ಹುಡುಗಿಯೊಬ್ಬಳು ಕಡೆಗೂ ಕೂತಿದ್ದಾಳೆ, ತನಗೆ ಇದು ಸಲ್ಲಬೇಕು ಅಂತ ಅವಳೇ ನಂಬಿದ್ದಾಳೆ.

ಗಿರಿಜಾ ಕಾಫಿ ಲೋಟ ಇಡಲು ಬಂದವಳು ಅಲ್ಲೇ ನಿಂತಳು. ನನ್ನನ್ನು ಮದುವೆಯಾದಾಗಿನಿಂದ ಈ ಪುಸ್ತಕದ ಗೋಳು ಕೇಳಿ ಕೇಳಿ ರೋಸಿಹೋದವಳು ಅವಳು, ಒಂದು ಪುಟವನ್ನೂ ತೆರೆದವಳಲ್ಲ.

‘ಪಾಪ, ಎಷ್ಟು ಕಷ್ಟಪಟ್ಟಳೋ ಏನೋ ಇಲ್ಲಿ ಕೂರೋಕೆ’ ಅಂದಳು. ‘ಹೇಗ್ರೀ ಗೆದ್ದಳು?’

ನಾನು ಒಳಗೆ ಹೋಗಿ ಮೊದಲ ಸಂಪುಟ ತಂದು ಅವಳ ಕೈಗೆ ಕೊಟ್ಟೆ.